‘ವಂಶವಾಹಿ’ಯೊಳಗಿನ ವಂಶವನ್ನು ಬಿಡಿಸುವುದು ಹೇಗೆ?

ಮಾನ್ಯರೇ,

ಬೆಂಗಳೂರಿನಲ್ಲಿ ಶ್ವಾಸಕೋಶದ ಕ್ಯಾನ್ಸರ್ ಗಡ್ಡೆಗಳ ಡಿಎನ್‌ಎಯನ್ನು ಪರೀಕ್ಷಿಸುವ ಸಂಶೋಧಕಿಯೊಬ್ಬರು ರೋಗಿಗಳ ಮನೆಯವರಿಗೆಂದು ಕನ್ನಡದಲ್ಲಿ ಒಂದು ತಿಳಿವಳಿಕೆ ಪತ್ರವನ್ನು ಸಿದ್ಧಪಡಿಸುತ್ತಿದ್ದು, ಅದರ ಭಾಷೆಯನ್ನು ತಿದ್ದುವ ಕೆಲಸ ನನ್ನ ಪಾಲಿಗೆ ಬಂದಿದೆ. ಮೊದಲ ಕರಡಿನಲ್ಲಿ ‘ನಿಮ್ಮ ವಂಶವಾಹಿಯಲ್ಲಿ ಉತ್ಪರಿವರ್ತನೆ ಕಂಡುಬಂದಿದೆ’ ಎಂದಿತ್ತು. ವಂಶವಾಹಿ ಎಂದರೆ ಜೀನ್, ಉತ್ಪರಿವರ್ತನೆ ಎಂದರೆ ಅದರಲ್ಲಾಗುವ ಬದಲಾವಣೆ (ಮ್ಯುಟೇಶನ್). ಅದನ್ನು ಓದಿಸಿಕೊಂಡ ಹಾಸನದ ಕಡೆಯ ಹಿರಿಯರೊಬ್ಬರು ಕೇಳಿದ ಮೊದಲ ಪ್ರಶ್ನೆ, ‘ಹಂಗಾದ್ರೆ ನನ್ ಮಕ್ಕಳಿಗೂ ಬರ್ತದಾ ಮೇಡಂ?’ ಎಂಬುದು.

ಪದವೇ ಹಾಗೆ ಹೇಳುತ್ತಿರುವಾಗ ಅವರು ಬೇರೆ ಏನನ್ನು ತಿಳಿಯಬೇಕಿತ್ತು? ಶ್ವಾಸಕೋಶದ ಕ್ಯಾನ್ಸರಿನಲ್ಲಿ ಕಾಣುವ ಇಂತಹ ಬದಲಾವಣೆಗಳಲ್ಲಿ ಬಹುಪಾಲು, ಬದುಕಿನ ನಡುವೆ ಶ್ವಾಸಕೋಶದ ಕೋಶವೊಂದರಲ್ಲಿ ಹುಟ್ಟಿ ಆ ಗಡ್ಡೆಯೊಳಗೇ ಉಳಿಯುವಂಥವು. ಅಂಡಾಣು ವೀರ್ಯಾಣುಗಳಲ್ಲಿ ಅವು ಇರುವುದಿಲ್ಲವಾದ್ದರಿಂದ ಮಕ್ಕಳಿಗೆ ದಾಟುವುದಿಲ್ಲ. ಮೆಂಡಲನ ಬಟಾಣಿ ಗಿಡದ ಪಾಠಕ್ಕೆ ‘ವಂಶವಾಹಿ’ ಚೆನ್ನಾಗಿ ಒಪ್ಪುತ್ತದೆ, ಗಡ್ಡೆಯ ವರದಿಗೆ ಒಪ್ಪುವುದಿಲ್ಲ. ಕೆಲವರು ಬಳಸುವ ‘ಗುಣಾಣು’ವನ್ನು ಪರೀಕ್ಷಿಸಿ ನೋಡಿದೆ, ಅದು ರೋಗಾಣುವಿನ ತಮ್ಮನಂತೆ ಕೇಳಿಸುತ್ತದೆ. ಸದ್ಯಕ್ಕೆ ‘ಜೀನ್’ ಎಂದೇ ಇಟ್ಟಿದ್ದೇನೆ, ಜೀನ ಎಂದರೆ ಜಿಪುಣ ಎಂಬ ನಮ್ಮ ಹಳೆಯ ಅರ್ಥ ನೆನಪಾಗಿ ನಗು ಬಂದರೂ.

ನನ್ನ ಮುಖ್ಯ ಪ್ರಶ್ನೆ ಬದಲಾವಣೆಗಳ ಹೆಸರುಗಳ ಕುರಿತದ್ದು. ಇಜಿಎಫ್‌ಆರ್ ಎಂಬ ಜೀನ್‌ನಲ್ಲಿ ಬದಲಾವಣೆಯಿರುವ ಗಡ್ಡೆಗಳು ಗೆಫಿಟಿನಿಬ್ ಮಾತ್ರೆಗೆ ಚೆನ್ನಾಗಿ ಕರಗುತ್ತವೆಂದು 2004ರಲ್ಲಿ ತಿಳಿದುಬಂದ ಮೇಲೆ, ಯಾವ ಬಗೆಯ ಬದಲಾವಣೆ ಎಂಬುದರ ಮೇಲೆಯೇ ಔಷಧ ನಿರ್ಧಾರವಾಗುವ ಕಾಲ ಬಂದಿದೆ. ಆದ್ದರಿಂದ ಎಲ್ಲವನ್ನೂ ‘ಉತ್ಪರಿವರ್ತನೆ’ ಎಂಬ ಒಂದೇ ಚೀಲಕ್ಕೆ ತುಂಬುವಂತಿಲ್ಲ. ಈ ಜೀನ್‌ನ 19ನೆಯ ಎಕ್ಸಾನ್‌ನಲ್ಲಿ (ಎಕ್ಸಾನ್ ಎಂದರೆ ಜೀನ್‌ನಲ್ಲಿ ಪ್ರೋಟೀನಿನ ಬರಹವಿರುವ ತುಂಡು) ಡಿಎನ್‌ಎ ಅಕ್ಷರಗಳು ಬಿಟ್ಟುಹೋಗುತ್ತವೆ; 20ನೆಯದರಲ್ಲಿ ಹೊಸ ಅಕ್ಷರಗಳು ಸೇರಿಕೊಳ್ಳುತ್ತವೆ; 21ನೆಯದರಲ್ಲಿ ಒಂದು ಅಕ್ಷರದ ಜಾಗದಲ್ಲಿ ಇನ್ನೊಂದು ಬಂದು, ಪ್ರೋಟೀನಿನ 858ನೆಯ ಸ್ಥಾನದಲ್ಲಿ ಲ್ಯೂಸಿನ್ ಎಂಬ ಅಮೈನೋ ಆಮ್ಲ ಇರಬೇಕಾದಲ್ಲಿ ಆರ್ಜಿನಿನ್ ಕೂರುತ್ತದೆ. ಶಾಲೆಯಲ್ಲಿ ಸಂಧಿ ಕಲಿತ ಯಾರಿಗಾದರೂ ಇವು ಲೋಪ, ಆಗಮ, ಆದೇಶ ಎಂದು ತಟ್ಟನೆ ಹೊಳೆಯಬೇಕು: ‘ಊರು’ ಮತ್ತು ‘ಅಲ್ಲಿ’ ಸೇರಿ ‘ಊರಲ್ಲಿ’ ಆದಾಗ ಉಕಾರ ಹೋದಂತೆ, ‘ಮನೆಯನ್ನು’ ಎಂಬಲ್ಲಿ ಯಕಾರ ಬಂದಂತೆ, ‘ಮಳೆಗಾಲ’ದಲ್ಲಿ ಕಕಾರವು ಗಕಾರವಾದಂತೆ. ಮೂರು ಮೂರು ಅಕ್ಷರಗಳಾಗಿ ಓದಿಸಿಕೊಳ್ಳುವ ಕೋಡಾನ್‌ಗೆ ಛಂದಸ್ಸಿನ ‘ಗಣ’ವೂ ಸಿದ್ಧವಾಗಿದೆ. 19ನೆಯ ಎಕ್ಸಾನ್‌ನಲ್ಲಿ ಹೆಚ್ಚಾಗಿ ಕಾಣುವ ಲೋಪದಲ್ಲಿ 15 ಅಕ್ಷರಗಳು, ಅಂದರೆ ಐದು ಗಣಗಳಷ್ಟು, ಹೋಗುವುದರಿಂದ ಮುಂದಿನ ಸಾಲಿನ ಛಂದಸ್ಸು ಕೆಡುವುದಿಲ್ಲ; ಪ್ರೋಟೀನು ಕೆಲಸ ನಿಲ್ಲಿಸದೆ, ಬೆಳೆಯಿರಿ ಬೆಳೆಯಿರಿ ಎಂದು ಕೋಶಕ್ಕೆ ಹೇಳುತ್ತಲೇ ಇರುತ್ತದೆ.

ತೊಡಕು ಇರುವುದು ‘ಆದೇಶ’ದಲ್ಲಿ. ಸರ್ಕಾರಿ ಕಚೇರಿಯ ಮೆಟ್ಟಿಲು ಹತ್ತಿದವರಿಗೆ ಆದೇಶವೆಂದರೆ ಮೇಲಿನವರ ಅಪ್ಪಣೆ. ‘ನಿಮ್ಮ ಜೀನ್‌ನಲ್ಲಿ ಆದೇಶ ಬಂದಿದೆ’ ಎಂದು ಬರೆದರೆ ಹಾಸನದ ಹಿರಿಯರು ಇನ್ನೇನು ಕೇಳುತ್ತಾರೋ! ‘ಅಕ್ಷರಪಲ್ಲಟ’ ಎನ್ನೋಣವೆಂದರೆ, ಪಲ್ಲಟದಲ್ಲಿ ಇರುವ ಅಕ್ಷರಗಳೇ ಜಾಗ ಬದಲಿಸಿಕೊಳ್ಳುವ ಅರ್ಥ ಮುಂದಾಗುತ್ತದೆ. ‘ಅಕ್ಷರಬದಲು’ ಸರಳವಾಗಿದೆ, ಆದರೆ ವರದಿಯ ಗಾಂಭೀರ್ಯಕ್ಕೆ ತಕ್ಕುದೋ ಎಂಬ ಅನುಮಾನವಿದೆ.

ಜಪಾನಿನ ಸಂಶೋಧಕರು 2007ರಲ್ಲಿ ಗುರುತಿಸಿದ, ಇಎಂಎಲ್4 ಮತ್ತು ಎಎಲ್‌ಕೆ ಜೀನ್‌ಗಳ ತುಂಡುಗಳು ಬೆಸೆದುಕೊಂಡಿರುವ ಬದಲಾವಣೆಗೆ ‘ಅರಿಸಮಾಸ’ ಎನ್ನುವ ಆಸೆ ನನಗಿತ್ತು, ಕೂಡಬಾರದವು ಕೂಡಿದವಲ್ಲವೇ. ಸಂಶೋಧಕಿ ನಕ್ಕು ‘ಬೆಸುಗೆ ಸಾಕು’ ಎಂದರು, ನಾನೂ ಒಪ್ಪಿದೆ.

‘ದ್ರವ ಬಯಾಪ್ಸಿ’ಯನ್ನು ನಾನೇ ಕೈಬಿಟ್ಟೆ. ಎದೆಯಲ್ಲಿ ನೀರು ತುಂಬಿ ಅದನ್ನು ತೆಗೆಸಿಕೊಂಡವರು ಈ ಕಾಯಿಲೆಯಲ್ಲಿ ಅನೇಕರಿರುವುದರಿಂದ, ಅವರು ದ್ರವವೆಂದರೆ ಆ ನೀರೆಂದೇ ತಿಳಿಯುತ್ತಾರೆ. ಅದರ ಬದಲು ‘ರಕ್ತದಲ್ಲಿ ಗಡ್ಡೆಯ ಡಿಎನ್‌ಎ ಹುಡುಕುವ ಪರೀಕ್ಷೆ’ ಎಂದು ಬಿಡಿಸಿ ಬರೆದಿದ್ದೇನೆ. ‘ಹುಡುಕುವ’ ಎಂಬುದು ಉದ್ದೇಶಪೂರ್ವಕ. ರಕ್ತದಲ್ಲಿ ಸಿಗದಿದ್ದರೂ ಗಡ್ಡೆಯಲ್ಲಿ ಬದಲಾವಣೆ ಇರಬಹುದೆಂಬ ಸುಳಿವು ಅದರಲ್ಲಿದೆ.

ಬಲ್ಲವರು ಎರಡು ವಿಷಯಗಳನ್ನು ತಿಳಿಸಿಕೊಡಬೇಕೆಂದು ಕೋರುತ್ತೇನೆ. ವ್ಯಾಕರಣದ ‘ಆದೇಶ’ಕ್ಕೆ ಅಪ್ಪಣೆಯ ನೆರಳಿಲ್ಲದ ಪರ್ಯಾಯ ಪದವೇನಾದರೂ ಬಳಕೆಯಲ್ಲಿದೆಯೇ? ಮತ್ತು, ಹುಟ್ಟಿನಿಂದ ಬಂದ ಬದಲಾವಣೆಯನ್ನು ‘ಹುಟ್ಟುಬದಲು’ ಎಂದರೆ, ನಡುವೆ ಗಡ್ಡೆಯಲ್ಲಷ್ಟೇ ಮೂಡಿದ್ದನ್ನು ‘ಗಡ್ಡೆಬದಲು’ ಎಂದು ಕರೆಯುವುದು ನಿಮ್ಮ ಕಿವಿಗೆ ಒಪ್ಪುತ್ತದೆಯೇ?