ಹೋಂವರ್ಕ್ ಮತ್ತು ಶಾಲೆ ಬಿಟ್ಟ ಮೇಲಿನ ಸಂಜೆ: ನಿಮ್ಮ ಮನೆಯಲ್ಲಿ ಹೇಗೆ?

ಪ್ರಶ್ನೆ: ನನ್ನ ಮಗ ನಾಲ್ಕನೆಯ ತರಗತಿಯಲ್ಲಿಯೂ ಮಗಳು ಎಂಟನೆಯ ತರಗತಿಯಲ್ಲಿಯೂ ಓದುತ್ತಿದ್ದಾರೆ. ಮಗನನ್ನು ಹೋಂವರ್ಕ್‌ಗೆ ಕೂರಿಸುವುದೇ ಪ್ರತಿ ಸಂಜೆಯ ಜಗಳವಾಗಿದೆ. ಅರ್ಧ ಗಂಟೆಯ ಕೆಲಸವನ್ನು ಎರಡು ಗಂಟೆ ಎಳೆಯುತ್ತಾನೆ, ಅಷ್ಟು ಹೊತ್ತೂ ಪಕ್ಕದಲ್ಲಿ ಯಾರಾದರೂ ಇರಲೇಬೇಕು. ಮಗಳಿಗೆ ಯಾರೂ ಹೇಳಬೇಕಾಗಿಲ್ಲ, ಆದರೆ ಅವಳು ಮಲಗುವಾಗ ನಡುರಾತ್ರಿ ಸಮೀಪಿಸಿರುತ್ತದೆ. ನಾವಿಬ್ಬರೂ ಕೆಲಸಕ್ಕೆ ಹೋಗುವವರು. ಇಂಥದ್ದನ್ನು ನಿಭಾಯಿಸಿದವರು ತಿಳಿಸಿದರೆ ಉಪಕಾರವಾಗುತ್ತದೆ.

ಇಬ್ಬರು ಗಂಡುಮಕ್ಕಳ ತಾಯಿ: ಹೋಂವರ್ಕ್ ಮಾಡುವುದಕ್ಕಿಂತ ಅದನ್ನು ಶುರು ಮಾಡುವುದೇ ಮಕ್ಕಳಿಗೆ ಕಷ್ಟವೆಂದು ನನಗೆ ಅನ್ನಿಸಿದೆ. ಆದ್ದರಿಂದ ಮೊದಲ ಹತ್ತು ನಿಮಿಷ ಪೂರ್ತಿ ನನ್ನದು, ಉಳಿದದ್ದು ಮಕ್ಕಳದು ಎಂದು ಇಟ್ಟುಕೊಂಡಿದ್ದೇನೆ. ದಿನವಿಡೀ ಬೆಂಚಿನ ಮೇಲೆ ಕುಳಿತು ಬಂದ ಮಗುವಿಗೆ ಮೊದಲು ಹೊಟ್ಟೆಗೆ ಏನಾದರೂ ಬೇಕು, ಆಮೇಲೆ ಮೈಬಿಚ್ಚಿ ಆಡಬೇಕು. ‘ಬಂದ ಕೂಡಲೇ ಬರೆದು ಮುಗಿಸು, ಆಮೇಲೆ ಆಡು’ ಎಂಬ ಮಾತು ಕೇಳಲು ಚೆನ್ನ, ನಡೆಯುವುದು ಅಪರೂಪ. ಆಟ ಮುಗಿಸಿ ಕೈಕಾಲು ತೊಳೆದ ಮೇಲೆ ಡೈರಿ ತೆರೆಯಬೇಕೆಂಬುದು ನಮ್ಮ ಮನೆಯ ಕ್ರಮ. ಹೀಗೆ ಒಂದು ಕೆಲಸದ ಬೆನ್ನಿಗೆ ಇನ್ನೊಂದನ್ನು ಕಟ್ಟಿಬಿಟ್ಟರೆ ‘ಗಂಟೆ ಎಷ್ಟಾಯಿತು ನೋಡು’ ಎಂದು ದಿನವೂ ಕೂಗಬೇಕಾಗುವುದಿಲ್ಲ.

ಡೈರಿಯಲ್ಲಿರುವುದನ್ನು ಮಗನೇ ಗಟ್ಟಿಯಾಗಿ ಓದುತ್ತಾನೆ, ಅಂದಿಗೆ ಬೇಕಾದ ಪುಸ್ತಕಗಳನ್ನಷ್ಟೇ ಬ್ಯಾಗಿನಿಂದ ತೆಗೆದಿಡುತ್ತಾನೆ, ಪೆನ್ಸಿಲ್ ಚೂಪು ಮಾಡಿಕೊಳ್ಳುತ್ತಾನೆ. (ನಡುವೆ ಮೆಂಡರ್ ಹುಡುಕಲು ಎದ್ದ ಮಗು ಯಾವಾಗ ಮರಳುತ್ತದೆಂದು ಯಾರೂ ಹೇಳಲಾರರು.) ಮೊದಲ ಲೆಕ್ಕವನ್ನು ನನ್ನೆದುರಿಗೆ ಮಾಡುತ್ತಾನೆ. ಅದು ಬಂದರೆ, ‘ಇನ್ನು ಮೂರು ಆದ ಮೇಲೆ ಕರೆ’ ಎಂದು ಹೇಳಿ ನಾನು ಎದ್ದು ಅದೇ ಕೋಣೆಯಲ್ಲಿ ನನ್ನ ಕೆಲಸ ನೋಡಿಕೊಳ್ಳುತ್ತೇನೆ. ಆ ಮೂರನ್ನು ನಿಧಾನವಾಗಿ ಆರಕ್ಕೆ, ಆಮೇಲೆ ಇಡೀ ಪುಟಕ್ಕೆ ಏರಿಸಬಹುದು. ಪಕ್ಕದಲ್ಲಿ ಕೂರುವುದನ್ನು ಒಂದೇ ದಿನ ನಿಲ್ಲಿಸಿದರೆ ಮಗು ಅಳುತ್ತದೆ, ನೀವು ಮತ್ತೆ ಕೂರುತ್ತೀರಿ. ಯಾವ ವಿಷಯದಿಂದ ಶುರು ಮಾಡಬೇಕೆಂಬುದನ್ನು ಅವನೇ ಆರಿಸಿಕೊಳ್ಳಲಿ.

ಪ್ರಾಥಮಿಕ ಶಾಲಾ ಶಿಕ್ಷಕಿ: ಮೇಲಿನವರ ಮಾತಿಗೆ ನನ್ನದೊಂದು ಸೇರ್ಪಡೆಯಿದೆ. ದಯವಿಟ್ಟು ಉತ್ತರಗಳನ್ನು ತಿದ್ದಿ ಕಳುಹಿಸಬೇಡಿ. 612ನ್ನು 6ರಿಂದ ಭಾಗಿಸಿದ ಮಗು 12 ಎಂದು ಬರೆದರೆ, ಹತ್ತರ ಸ್ಥಾನದಲ್ಲಿ ಸೊನ್ನೆ ಇಡಬೇಕೆಂಬುದು ಅದಕ್ಕೆ ತಿಳಿದಿಲ್ಲವೆಂದು ನಮಗೆ ಒಂದೇ ನೋಟಕ್ಕೆ ಗೊತ್ತಾಗುತ್ತದೆ. ಮನೆಯಲ್ಲಿ ಯಾರೋ ಅದನ್ನು ಅಳಿಸಿ 102 ಎಂದು ಬರೆಸಿದ್ದರೆ ನಾವು ರೈಟ್ ಹಾಕಿ ಮುಂದಿನ ಪಾಠಕ್ಕೆ ಹೋಗುತ್ತೇವೆ, ಆ ಕೊರತೆ ಪರೀಕ್ಷೆಯ ದಿನವೇ ಬಯಲಾಗುತ್ತದೆ. ‘ಉತ್ತರವನ್ನು 6ರಿಂದ ಗುಣಿಸಿ ನೋಡು’ ಎನ್ನುವಷ್ಟಕ್ಕೆ ಹಿರಿಯರ ಸಹಾಯ ಸಾಕು.

ಎಷ್ಟು ಹೊತ್ತು ಎಂಬುದಕ್ಕೆ, ತರಗತಿಯೊಂದಕ್ಕೆ ಹತ್ತು ನಿಮಿಷದಂತೆ ಲೆಕ್ಕ ಹಾಕುವ ರೂಢಿ ಅಮೆರಿಕದಲ್ಲಿದೆ. ಅದರಂತೆ ನಾಲ್ಕನೆಯ ತರಗತಿಗೆ ಸುಮಾರು 40 ನಿಮಿಷ. ಅಲ್ಲಿನ ಸಂಶೋಧಕ ಹ್ಯಾರಿಸ್ ಕೂಪರ್ ಮತ್ತು ಸಂಗಡಿಗರು ಹಲವು ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿ 2006ರಲ್ಲಿ ಪ್ರಕಟಿಸಿದ ವಿಮರ್ಶೆಯ ಪ್ರಕಾರ, ಹೋಂವರ್ಕ್‌ಗೂ ಕಲಿಕೆಯ ಮಟ್ಟಕ್ಕೂ ಇರುವ ನಂಟು ಏಳನೆಯ ತರಗತಿಯಿಂದ ಮೇಲೆ ಹೆಚ್ಚು ಗಟ್ಟಿ, ಅದಕ್ಕಿಂತ ಕೆಳಗೆ ದುರ್ಬಲ. ಹೀಗಿರುವಾಗ ಚಿಕ್ಕ ಮಗುವನ್ನು ಎರಡು ಗಂಟೆ ಕೂರಿಸುವುದರಲ್ಲಿ ಲಾಭ ಕಾಣೆ.

ಒಬ್ಬ ತಂದೆ: ನಮ್ಮ ಮನೆಯಲ್ಲಿ ಸಂಜೆ ಅಜ್ಜಿ ಮಾತ್ರ ಇರುತ್ತಾರೆ. ಪಾಠ ನೋಡುವ ಹೊಣೆಯನ್ನು ಅವರ ಮೇಲೆ ಹೊರಿಸಿಲ್ಲ. ಮೊಮ್ಮಗಳು ಓದಿದ್ದನ್ನು, ಒಪ್ಪಿಸಿದ ಮಗ್ಗಿಯನ್ನು ಕೇಳಿಸಿಕೊಳ್ಳುತ್ತಾರೆ, ಅಷ್ಟೇ. ಆಫೀಸಿನಿಂದ ಫೋನ್ ಮಾಡಿ ‘ಹೋಂವರ್ಕ್ ಆಯ್ತಾ?’ ಎಂದರೆ ‘ಆಯ್ತು’ ಎಂಬ ಉತ್ತರ ಬರುವುದು ಖಂಡಿತ. ‘ಇವತ್ತು ಯಾವುದು ಕಷ್ಟ ಆಯ್ತು?’ ಎಂದು ಕೇಳಿದರೆ ಮಾತು ಮುಂದುವರಿಯುತ್ತದೆ. ಬ್ಯಾಗನ್ನು ರಾತ್ರಿಯೇ ಜೋಡಿಸಿಡುವುದರಿಂದ ಬೆಳಗಿನ ಅರ್ಧ ಗಲಾಟೆ ತಪ್ಪಿದೆ.

ಹೈಸ್ಕೂಲು ಓದುವ ಮಗಳ ತಾಯಿ: ಎಂಟನೆಯ ತರಗತಿಯ ಹುಡುಗಿಯ ವಿಷಯದಲ್ಲಿ ನಾನು ನಿದ್ದೆಯಿಂದ ಹಿಂದಕ್ಕೆ ಲೆಕ್ಕ ಹಾಕುತ್ತೇನೆ. 13ರಿಂದ 18 ವರ್ಷದವರಿಗೆ ದಿನಕ್ಕೆ 8ರಿಂದ 10 ಗಂಟೆ, 6ರಿಂದ 12 ವರ್ಷದವರಿಗೆ 9ರಿಂದ 12 ಗಂಟೆ ನಿದ್ದೆ ಬೇಕೆಂದು ಅಮೆರಿಕದ ನಿದ್ರಾತಜ್ಞರ ಅಕಾಡೆಮಿ 2016ರಲ್ಲಿ ಹೇಳಿದೆ. ಬೆಳಿಗ್ಗೆ ಆರಕ್ಕೆ ಏಳಬೇಕಾದವಳು ರಾತ್ರಿ ಹತ್ತಕ್ಕೆ ಮಲಗಿದರೂ ಕನಿಷ್ಠ ಮಟ್ಟವನ್ನಷ್ಟೇ ಮುಟ್ಟುತ್ತಾಳೆ. ನನ್ನ ಮಗಳಿಗೆ ತಡವಾಗುತ್ತಿದ್ದುದು ಕೆಲಸ ಹೆಚ್ಚಾಗಿದ್ದರಿಂದಲ್ಲ. ಒಂದೇ ಪಾಠವನ್ನು ಗೆರೆ ಎಳೆಯುತ್ತ ಮತ್ತೆ ಮತ್ತೆ ಓದುತ್ತಿದ್ದುದರಿಂದ. ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕ್ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಐದು ನಿಮಿಷದ ಬಳಿಕ ಕೇಳಿದಾಗ ಮರಳಿ ಓದಿದವರು ಮುಂದಿದ್ದರೂ, ವಾರದ ಬಳಿಕ ಕೇಳಿದಾಗ ಪುಸ್ತಕ ಮುಚ್ಚಿ ನೆನಪಿನಿಂದ ಬರೆದವರೇ ಹೆಚ್ಚು ಉಳಿಸಿಕೊಂಡಿದ್ದರು. ಈಗ ಅವಳು ಒಮ್ಮೆ ಓದಿ, ಪುಸ್ತಕ ಮುಚ್ಚಿ, ನೆನಪಾದಷ್ಟನ್ನು ರಫ್ ಹಾಳೆಯಲ್ಲಿ ಬರೆದು, ಬಿಟ್ಟುಹೋದದ್ದನ್ನು ಮಾತ್ರ ಮತ್ತೆ ನೋಡುತ್ತಾಳೆ. ಮೊಬೈಲ್ ಬೇರೆ ಕೋಣೆಯಲ್ಲಿರುತ್ತದೆ. ಈ ನಿಯಮ ನಮಗೂ ಅನ್ವಯಿಸುವುದರಿಂದ ಅವಳು ತಕರಾರು ತೆಗೆದಿಲ್ಲ.

ಪ್ರಶ್ನೆ ಕೇಳಿದವರು: ಎಲ್ಲರಿಗೂ ಧನ್ಯವಾದ. ಶಿಕ್ಷಕಿಯವರಲ್ಲಿ ಒಂದು ಮಾತು ಕೇಳಬೇಕಿತ್ತು. 40 ನಿಮಿಷವಾದರೂ ಮುಗಿಯದಿದ್ದರೆ ಅರ್ಧಕ್ಕೇ ನಿಲ್ಲಿಸಿ ಕಳುಹಿಸಬಹುದೇ? ಶಾಲೆಯಲ್ಲಿ ಬೈಸಿಕೊಳ್ಳುತ್ತಾನೆಂಬ ಭಯವಿದೆ.

ಪ್ರಾಥಮಿಕ ಶಾಲಾ ಶಿಕ್ಷಕಿ: ಕಳುಹಿಸಿ, ಆದರೆ ಬರಿಗೈಯಲ್ಲಿ ಬೇಡ. ನಿಂತ ಜಾಗದಲ್ಲಿ ಒಂದು ಗೆರೆ ಎಳೆದು, ‘ಇಷ್ಟು ಹೊತ್ತು ಕುಳಿತಿದ್ದ, ಐದನೆಯ ಲೆಕ್ಕದಲ್ಲಿ ಸಿಕ್ಕಿಕೊಂಡ’ ಎಂದು ಡೈರಿಯಲ್ಲಿ ಬರೆದು ಸಹಿ ಮಾಡಿ. ಅಂಥ ಟಿಪ್ಪಣಿ ಕಂಡರೆ ನಾನಂತೂ ಬೈಯುವುದಿಲ್ಲ, ಆ ಲೆಕ್ಕವನ್ನು ಬೋರ್ಡಿನ ಮೇಲೆ ಮತ್ತೊಮ್ಮೆ ಮಾಡಿಸುತ್ತೇನೆ. ಇದು ದಿನವೂ ಹೀಗೆಯೇ ಆಗುತ್ತಿದ್ದರೆ ಮಾತ್ರ ಸೋಮಾರಿತನವೆಂದು ತೀರ್ಮಾನಿಸುವ ಮೊದಲು ತರಗತಿ ಶಿಕ್ಷಕರನ್ನು ಭೇಟಿ ಮಾಡಿ, ಮಗುವಿನ ಕಣ್ಣು ಪರೀಕ್ಷೆಯನ್ನೂ ಮಾಡಿಸಿ. ಬೋರ್ಡಿನ ಮೇಲಿನ ಅಕ್ಷರ ಸರಿಯಾಗಿ ಕಾಣದೆ ಡೈರಿಯನ್ನು ಅರ್ಧಂಬರ್ಧ ಬರೆದುಕೊಂಡು ಹೋಗಿ, ಏನು ಮಾಡಬೇಕೆಂದೇ ತಿಳಿಯದೆ ಸುಮ್ಮನೆ ಕೂರುವ ಮಕ್ಕಳನ್ನು ನಾನು ಸಾಕಷ್ಟು ನೋಡಿದ್ದೇನೆ.