ಇಂಜೆಕ್ಟರ್ ಕ್ಲೀನರ್ ಬಾಟಲಿ: ನಿಜವಾಗಲೂ ಉಪಯೋಗ ಇದೆಯಾ, ಸುಮ್ನೆ ದುಡ್ಡು ದಂಡವಾ?

ಕಬ್ಬಿನಗದ್ದೆ (ಮಂಡ್ಯ):

ಎಲ್ಲರಿಗೂ ನಮಸ್ಕಾರ. ನನ್ನದು 2014ರ ಪೆಟ್ರೋಲ್ ಕಾರು, 86 ಸಾವಿರ ಕಿಲೋಮೀಟರ್ ಓಡಿದೆ. ಎರಡು ಮೂರು ತಿಂಗಳಿಂದ ಸಂಜಯ ಸರ್ಕಲ್ ಸಿಗ್ನಲ್‌ನಲ್ಲಿ ನಿಂತರೆ ಸಾಕು, ಗಾಡಿ ಗಡಗಡ ನಡುಗುತ್ತದೆ. ಎಸಿ ಹಾಕಿದರೆ ಇನ್ನೂ ಜಾಸ್ತಿ. ಮೈಲೇಜ್ 16ರಿಂದ 13ಕ್ಕೆ ಇಳಿದಿದೆ. ಮೊನ್ನೆ ಸರ್ವೀಸ್‌ಗೆ ಬಿಟ್ಟಾಗ ಬಾನೆಟ್ ಕೂಡ ಎತ್ತಿ ನೋಡದೆ, "ಇಂಜಿನ್‌ಗೆ ಪೆಟ್ರೋಲ್ ಚಿಮ್ಮಿಸೋ ಇಂಜೆಕ್ಟರ್ ಕಟ್ಟಿಕೊಂಡಿರುತ್ತೆ ಸರ್, ಇದನ್ನ ಟ್ಯಾಂಕ್‌ಗೆ ಹಾಕ್ಬಿಡಿ" ಅಂತ 450 ರೂಪಾಯಿಯ ಒಂದು ಬಾಟಲಿ ಬಿಲ್‌ಗೆ ಸೇರಿಸಿ ಕೈಗೆ ಕೊಟ್ಟರು. ಅದು ಡಿಕ್ಕಿಯಲ್ಲಿ ಹಾಗೇ ಬಿದ್ದಿದೆ. ನಮ್ಮ ಭಾವ ನೋಡಿದರೆ, ಅದು ಸೀಮೆಎಣ್ಣೆಗೆ ಬಣ್ಣ ಹಾಕಿ ಮಾರುವುದು ಅಂತಾರೆ. ಹಾಕಿ ನೋಡಿದವರು ಯಾರಾದರೂ ಇದ್ದೀರಾ?

ರಿಂಗ್‌ರೋಡ್ ರಾಜ (ಮೈಸೂರು):

ಕಣ್ಣು ಮುಚ್ಚಿಕೊಂಡು ಹಾಕಿ. ನಾನು ಪ್ರತಿ 5 ಸಾವಿರ ಕಿಲೋಮೀಟರ್‌ಗೆ ಒಂದು ಹಾಕುತ್ತೇನೆ. ಹೋದ ತಿಂಗಳು ಹಾಕಿ ಬೆಂಗಳೂರಿಗೆ ಹೋಗಿ ಬಂದೆ, ಮಾಮೂಲಿ 15 ಕೊಡುವ ಗಾಡಿ 19 ಕೊಟ್ಟಿತು. ಇಂಜಿನ್ ಬೆಣ್ಣೆ ಬೆಣ್ಣೆ.

ಹಳೇ ಸ್ಪ್ಯಾನರ್ (ಮೈಸೂರು):

ರಾಜಣ್ಣ, ಬೇಜಾರು ಮಾಡ್ಕೋಬೇಡಿ, ಆ 19 ಬಾಟಲಿ ಕೊಟ್ಟಿದ್ದಲ್ಲ, ಎಕ್ಸ್‌ಪ್ರೆಸ್‌ವೇ ಕೊಟ್ಟಿದ್ದು. ಊರೊಳಗೆ ಎರಡನೇ ಗೇರಲ್ಲಿ ಅಲೆಯುವ ಗಾಡಿಯನ್ನು ಟಾಪ್ ಗೇರಲ್ಲಿ 80ರ ಸ್ಪೀಡಿನಲ್ಲಿ ಒಂದೇ ಸಮ ಓಡಿಸಿದರೆ ಬಾಟಲಿ ಹಾಕದಿದ್ದರೂ ಅಷ್ಟು ಬರುತ್ತದೆ. ಈ ಸಲ ಹಾಕದೆ ಹೋಗಿ ಬನ್ನಿ, ಗೊತ್ತಾಗುತ್ತದೆ.

ಹಾಗಂತ ಭಾವ ಹೇಳುವುದೂ ಪೂರ್ತಿ ಸರಿಯಲ್ಲ. ಗಾಡಿ ಆಫ್ ಮಾಡಿದ ಮೇಲೆ ಇಂಜಿನ್ ಕಾವಿಗೆ ಇಂಜೆಕ್ಟರ್ ತುದಿಯಲ್ಲಿ ಉಳಿದ ಪೆಟ್ರೋಲ್ ಆರಿ, ಅಂಟು ಅಂಟಾಗಿ ಕೂರುತ್ತದೆ. ಹಾಲು ಉಕ್ಕಿದ ಒಲೆ ಒರೆಸದೆ ಬಿಟ್ಟರೆ ಆಗುತ್ತದಲ್ಲ, ಹಾಗೆ. ಹೊಗೆಯಂತೆ ಸಣ್ಣಗೆ ಹಾರಬೇಕಾದ ಪೆಟ್ರೋಲ್ ಆಮೇಲೆ ಧಾರೆಯಾಗಿ ಬೀಳುತ್ತದೆ. ಇದನ್ನು ಕರಗಿಸಲು ನಿಜವಾಗಿ ಕೆಲಸ ಮಾಡುವ ವಸ್ತು ಅಂದರೆ ಪಾಲಿಈಥರ್ ಅಮೀನ್, ಚಿಕ್ಕದಾಗಿ ಪಿಇಎ. ಇಂಜಿನ್ ಒಳಗಿನ ಬಿಸಿಯಲ್ಲೂ ತಡೆದು ಕಾರ್ಬನ್ ಬಿಡಿಸುತ್ತದೆ. ಬಾಟಲಿ ಮೇಲೆ ಆ ಹೆಸರು ಇದೆಯಾ ನೋಡಿ. ಏನೂ ಬರೆಯದೆ ಬರೀ ಸಾಲ್ವೆಂಟ್ ತುಂಬಿದ ಬಾಟಲಿಗಳೂ ಇವೆ, ಭಾವನ ಮಾತು ಅಲ್ಲಿಗೆ ಸರಿಹೋಗುತ್ತದೆ.

ಮುಖ್ಯ ವಿಷಯ ಬೇರೆ ಇದೆ. ಟ್ಯಾಂಕ್‌ಗೆ ಹಾಕಿದ್ದು ಪೆಟ್ರೋಲ್ ಹರಿಯುವ ಜಾಗಕ್ಕೆ ಮಾತ್ರ ಹೋಗುತ್ತದೆ. ನಿಮ್ಮ ಗಾಡಿ ನಿಂತಾಗ ನಡುಗುತ್ತದೆ, ಎಸಿ ಹಾಕಿದರೆ ಜಾಸ್ತಿ ಅಂದಿರಿ, ನನಗೆ ಅನುಮಾನ ಥ್ರಾಟಲ್ ಬಾಡಿ ಮೇಲೆ. ಅದು ಗಾಳಿ ಬರುವ ದಾರಿ, ಅಲ್ಲಿಗೆ ಪೆಟ್ರೋಲ್ ಬರುವುದೇ ಇಲ್ಲ. ಇಂಜಿನ್ ಆಯಿಲ್ ಆವಿಗೆ ಧೂಳು ಸೇರಿ, ಗಾಳಿಗೆ ಬಾಗಿಲಿನಂತಿರುವ ಪ್ಲೇಟ್ ಅಂಚಿನಲ್ಲಿ ಕಪ್ಪು ಮಸಿ ಕಟ್ಟುತ್ತದೆ. ಐಡ್ಲಿಂಗ್‌ನಲ್ಲಿ, ಅಂದರೆ ಗಾಡಿ ನಿಂತು ಇಂಜಿನ್ ಮಾತ್ರ ಓಡುವಾಗ, ಪ್ಲೇಟ್ ತೆರೆದಿರುವುದೇ ಕೂದಲೆಳೆಯಷ್ಟು, ಅಲ್ಲಿ ಮಸಿ ಕೂತರೆ ಗಾಡಿ ಉಸಿರಾಡುವುದು ಹೇಗೆ? ಹತ್ತು ಬಾಟಲಿ ಹಾಕಿದರೂ ಅದು ಹೋಗುವುದಿಲ್ಲ. ಬಿಚ್ಚಿ ಸ್ಪ್ರೇ ಹೊಡೆದು ಬಟ್ಟೆಯಲ್ಲಿ ಒರೆಸಬೇಕು. ಸ್ಪಾರ್ಕ್ ಪ್ಲಗ್ ಕೂಡ ತೆಗೆಸಿ ನೋಡಿ.

ಈಗಿನ ಟರ್ಬೊ ಗಾಡಿಗಳಲ್ಲಿ ಕೆಲವು ಡೈರೆಕ್ಟ್ ಇಂಜೆಕ್ಷನ್. ಅವುಗಳಲ್ಲಿ ಪೆಟ್ರೋಲ್ ನೇರ ಸಿಲಿಂಡರ್‌ಗೆ ಬೀಳುವುದರಿಂದ, ಗಾಳಿ ಒಳಗೆ ಬಿಡುವ ಇಂಟೇಕ್ ವಾಲ್ವ್ ಬೆನ್ನು ಒದ್ದೆಯೇ ಆಗುವುದಿಲ್ಲ. ಅಲ್ಲಿ ಕಟ್ಟಿದ ಕಾರ್ಬನ್ ತೆಗೆಯಲು ಅಕ್ರೋಟಿನ ಚಿಪ್ಪಿನ ಪುಡಿಯನ್ನು ಗಾಳಿಯ ಜೊತೆ ಊದುತ್ತಾರೆ, ನಂಬಿದರೆ ನಂಬಿ. ನಿಮ್ಮ ಹಳೇ ಎಂಪಿಎಫ್‌ಐ ಗಾಡಿಯಲ್ಲಿ ಪೆಟ್ರೋಲ್ ಆ ವಾಲ್ವ್ ಬೆನ್ನ ಮೇಲೇ ಬೀಳುತ್ತದೆ, ಅದಕ್ಕೆ ಆ ತಾಪತ್ರಯ ಇಲ್ಲ.

ಕಾಕಂಬಿ (ಮದ್ದೂರು):

ಇ20, ಅದೇ 20 ಪರ್ಸೆಂಟ್ ಎಥನಾಲ್ ಬೆರೆಸಿದ ಪೆಟ್ರೋಲ್, ಅದರ ಬಗ್ಗೆ ಯಾರೂ ಹೇಳಲೇ ಇಲ್ಲ? ಎಥನಾಲ್‌ನಲ್ಲಿ ಶಕ್ತಿಯೇ ಪೆಟ್ರೋಲ್‌ಗಿಂತ ಮೂರನೇ ಒಂದು ಭಾಗ ಕಡಿಮೆ. 2021ರ ನೀತಿ ಆಯೋಗದ ವರದಿಯಲ್ಲೇ ಹಳೇ ಕಾರುಗಳಿಗೆ ಇ20 ಹಾಕಿದರೆ ಮೈಲೇಜ್ 6ರಿಂದ 7 ಪರ್ಸೆಂಟ್ ಇಳಿಯಬಹುದು ಅಂತ ಅಂದಾಜು ಇತ್ತು. ಬೈಯೋಣ ಅಂದರೆ ಅದು ನಮ್ಮ ಕಬ್ಬಿನಿಂದಲೂ ಬರುವುದು, ಬೈದರೆ ನಮ್ಮ ಗದ್ದೆಗೇ ಬೈದ ಹಾಗೆ. ಇದಕ್ಕೆ ಯಾವ ಕ್ಲೀನರ್ ಕೂಡ ಮದ್ದಲ್ಲ. ಆದರೆ 16ರಿಂದ 13 ಅಂದರೆ ಹತ್ತಿರ ಹತ್ತಿರ 19 ಪರ್ಸೆಂಟ್. ಅಷ್ಟನ್ನೂ ಎಥನಾಲ್ ತಲೆಗೆ ಕಟ್ಟಬೇಡಿ. ಟೈರ್ ಗಾಳಿ, ಬ್ರೇಕ್ ಎರಡೂ ನೋಡಿ.

ರಿಂಗ್‌ರೋಡ್ ರಾಜ (ಮೈಸೂರು):

ಆಯ್ತು ಸ್ಪ್ಯಾನರ್ ಅಣ್ಣ, ಈ ಸಲ ಹಾಕದೆ ಹೋಗಿ ಬರುತ್ತೇನೆ. ಡೀಸೆಲ್ ಗಾಡಿಗೆ ಏನಂತೀರಿ? ನಮ್ಮ ತಮ್ಮನದು ಟ್ಯಾಕ್ಸಿ.

ಹಳೇ ಸ್ಪ್ಯಾನರ್ (ಮೈಸೂರು):

ಡೀಸೆಲ್ ಕಾಮನ್ ರೈಲ್‌ನಲ್ಲಿ, ಅಂದರೆ ಎಲ್ಲ ಇಂಜೆಕ್ಟರ್‌ಗೂ ಡೀಸೆಲ್ ಕೊಡುವ ಪೈಪಿನಲ್ಲಿ, ಒತ್ತಡ ಸಾವಿರ ಬಾರ್ ಮೇಲೆ ಹೋಗುತ್ತದೆ, ಒಂಚೂರು ನೀರು, ಕಸ ಹೋದರೂ ಇಂಜೆಕ್ಟರ್ ಕೆಡುತ್ತದೆ. ಬಾಟಲಿಯ ದುಡ್ಡನ್ನು ಫಿಲ್ಟರ್‌ಗೆ ಹಾಕಿ, ಅದರ ತಳದ ನೀರು ಬಿಡಿಸುತ್ತಿರಲಿ. ಪೆಟ್ರೋಲ್ ಬಾಟಲಿ ಮಾತ್ರ ಅದಕ್ಕೆ ಹಾಕಬೇಡಿ.

ಕಬ್ಬಿನಗದ್ದೆ (ಮಂಡ್ಯ):

ಎರಡು ವಾರ ಆಯಿತು, ಏನಾಯಿತು ಹೇಳಿಬಿಡುತ್ತೇನೆ. ಪರಿಚಯದ ಹುಡುಗನ ಗ್ಯಾರೇಜಿಗೆ ತೆಗೆದುಕೊಂಡು ಹೋದೆ. ಥ್ರಾಟಲ್ ಬಾಡಿ ಬಿಚ್ಚಿ ಬೆರಳಾಡಿಸಿದ, ಬೆರಳು ಕಾಡಿಗೆ ಡಬ್ಬಿಗೆ ಅದ್ದಿದ ಹಾಗೆ ಬಂತು. ಒರೆಸಿ, ಸ್ಕ್ಯಾನರ್ ಹಾಕಿ ಐಡ್ಲಿಂಗ್ ಸೆಟ್ ಮಾಡಿಕೊಟ್ಟ, ಸಿಗ್ನಲ್‌ನಲ್ಲಿ ಈಗ ಗಾಡಿ ಆನ್ ಇದೆಯೋ ಇಲ್ಲವೋ ಅನ್ನಿಸುತ್ತದೆ. ಅಷ್ಟಾದರೂ ಮೈಲೇಜ್ ಏಳಲಿಲ್ಲ. ಆಮೇಲೆ ಬ್ರೇಕ್ ಅಂದಿದ್ದು ನೆನಪಾಗಿ, ಬೈಪಾಸ್‌ನಲ್ಲಿ ಒಂದು ಸುತ್ತು ಹೋಗಿ ಬಂದು ನಾಲ್ಕೂ ಚಕ್ರದ ಹತ್ತಿರ ಕೈ ಹಿಡಿದೆ. ಮೂರು ಬೆಚ್ಚಗಿತ್ತು, ಮುಂದಿನ ಎಡಗಡೆಯದು ದೋಸೆ ಹೆಂಚು! ಬ್ರೇಕ್ ಪ್ಯಾಡ್ ಒತ್ತುವ ಕ್ಯಾಲಿಪರ್‌ನ ಪಿನ್ ಗ್ರೀಸ್ ಇಲ್ಲದೆ ಒಣಗಿ ಹಿಡಿದುಕೊಂಡಿತ್ತು. ಇಷ್ಟು ದಿನ ಬ್ರೇಕ್ ಒತ್ತಿಕೊಂಡೇ ಓಡಿಸಿದ್ದೇನೆ. ಫುಲ್ ಟ್ಯಾಂಕ್‌ನಿಂದ ಫುಲ್ ಟ್ಯಾಂಕ್‌ಗೆ ಲೆಕ್ಕ ಹಾಕಿದರೆ ಈಗ 15.2. ಉಳಿದಿದ್ದನ್ನು ಕಾಕಂಬಿಯವರ ಗದ್ದೆ ತಿಂದಿರಬೇಕು.

ಬಾಟಲಿ ಇನ್ನೂ ಡಿಕ್ಕಿಯಲ್ಲೇ ಇದೆ.

ಹಳೇ ಸ್ಪ್ಯಾನರ್ (ಮೈಸೂರು):

ಡಿಕ್ಕಿಯಲ್ಲಿಟ್ಟು ಬಿಸಿಲಲ್ಲಿ ನಿಲ್ಲಿಸಬೇಡಿ, ಬೆಂಕಿ ಹತ್ತುವ ಪದಾರ್ಥ ಅದು. ಪಿಇಎ ಇದ್ದರೆ ಆಯಿಲ್ ಬದಲಿಸುವ ಮುಂಚಿನ ಫುಲ್ ಟ್ಯಾಂಕ್‌ಗೆ ಹಾಕಿ ಓಡಿಸಿ, 86 ಸಾವಿರ ಆಗಿದೆ, ಇಂಜೆಕ್ಟರ್‌ಗೆ ಒಳ್ಳೆಯದೇ. ಲೇಬಲ್‌ನಲ್ಲಿ ಏನಿದೆ?

ಕಬ್ಬಿನಗದ್ದೆ (ಮಂಡ್ಯ):

"ಸ್ಪೆಷಲ್ ಫಾರ್ಮುಲಾ" ಅಂತಷ್ಟೇ ಇದೆ ಅಣ್ಣ.

ಹಳೇ ಸ್ಪ್ಯಾನರ್ (ಮೈಸೂರು):

ಭಾವನ ಕೈಗೆ ಕೊಡಿ, ಮೂಸಿ ನೋಡಲಿ.