ಯುಗಾದಿ ಮುಗಿದರೂ ಚಿಗುರದ ಬೋನ್ಸಾಯ್: ಬದುಕಿದೆಯಾ, ಹೋಗಿದೆಯಾ?

ಮಾಳಿಗೆ ತೋಟ, ವಿಜಯಪುರ:

ಎಲ್ಲರಿಗೂ ನಮಸ್ಕಾರ. ನಮ್ಮ ಮಾಳಿಗೆ ಮೇಲೆ ನಾಲ್ಕಾರು ಬೋನ್ಸಾಯ್ ಇವೆ. ಅರಳಿ ಯುಗಾದಿಗೆ ಮೊದಲೇ ಎಲೆ ಉದುರಿಸಿ, ತಾಮ್ರದ ಬಣ್ಣದ ಚಿಗುರು ಬಿಟ್ಟು, ಈಗ ಪೂರ್ತಿ ಹಸಿರಾಗಿದೆ. ಬೇವೂ ಚಿಗುರಿದೆ. ಆದರೆ ಬಾವೋಬಾಬ್, ಅದೇ ನಮ್ಮ ದೊಡ್ಡ ಹುಣಸೆ, ದೀಪಾವಳಿ ಆದ ಮೇಲೆ ಎಲೆ ಉದುರಿಸಿದ್ದು ಇನ್ನೂ ಬೋಳಾಗಿದೆ. ಏಪ್ರಿಲ್ ಮುಗಿಯುತ್ತಾ ಬಂತು. ಉಗುರಿನಿಂದ ಕಾಂಡ ಕೆರೆದು ನೋಡಿದೆ, ಒಳಗೆ ಹಸಿರಿದೆ. ಅಂದ್ರೆ ಜೀವ ಇದೆ ಅಲ್ವಾ? ನೀರು ಕೊಟ್ಟರೆ ಬೇಗ ಚಿಗುರುತ್ತದೆ ಅಂತ ನಮ್ಮ ಮನೆಯವರು ದಿನಾ ಒಂದು ತಂಬಿಗೆ ಹಾಕುತ್ತಿದ್ದಾರೆ. ಪಕ್ಕದ ಬಿಲ್ವಪತ್ರೆಯೂ ಹಾಗೇ ನಿಂತಿದೆ.

ಹೂಕುಂಡ, ಬೆಳಗಾವಿ:

ಹಸಿರಿದ್ದರೆ ಜೀವ ಇದೆ, ಚಿಂತೆ ಬಿಡಿ. ಇಲ್ಲಿ ಟಿಳಕವಾಡಿಯಲ್ಲಿ ಒಂದೆರಡು ಅಡ್ಡ ಮಳೆ ಬಿದ್ದ ಕೂಡಲೇ ನಮ್ಮ ಬಾವೋಬಾಬ್ ಕಣ್ಣು ಬಿಟ್ಟಿತು. ನೀವೂ ನಾಲ್ಕು ಕಾಳು ಡಿಎಪಿ ಗೊಬ್ಬರ ಹಾಕಿ ನೋಡಿ.

ಗರಸು ಮಣ್ಣು, ವಿಜಯಪುರ:

ಗೊಬ್ಬರ ಬೇಡ ರೀ, ದಯವಿಟ್ಟು. ನೀರನ್ನೂ ಇವತ್ತೇ ನಿಲ್ಲಿಸಿ. ಉಳಿದ ಮಾತು ಆಮೇಲೆ.

ಕೆರೆದು ನೋಡುವ ಪರೀಕ್ಷೆ ದಾಸವಾಳಕ್ಕೆ, ದಾಳಿಂಬೆಗೆ ಸರಿ. ಬಾವೋಬಾಬಿಗೆ ನಡೆಯುವುದಿಲ್ಲ. ಇದರ ತೊಗಟೆಯ ಕೆಳಗೆ ಹಸಿರು ಪದರ ವರ್ಷವಿಡೀ ಇರುತ್ತದೆ. ಎಲೆ ಇಲ್ಲದ ತಿಂಗಳುಗಳಲ್ಲಿ ಆ ಪದರವೇ ಬಿಸಿಲು ಹಿಡಿದು ಒಂದಿಷ್ಟು ಆಹಾರ ಮಾಡಿಕೊಳ್ಳುತ್ತದೆ. ಕಾಂಡದಲ್ಲಿ ನೀರಿನ ಸಂಗ್ರಹ ಬೇರೆ ಇದೆ. ಹಾಗಾಗಿ ಕೆಳಗೆ ಬೇರು ಕೊಳೆತರೂ ಮೇಲೆ ವಾರಗಟ್ಟಲೆ ಹಸಿರೇ ಕಾಣುತ್ತದೆ. ಸುಮ್ನೆ ಮೋಸ ಹೋಗುತ್ತೀರಿ.

ಬುಡ ನೋಡಿ. ಮಣ್ಣನ್ನು ಒಂದಿಂಚು ಸರಿಸಿ, ಬೇರು ಶುರುವಾಗುವ ಜಾಗವನ್ನು ಹೆಬ್ಬೆರಳಿನಿಂದ ಸುತ್ತಲೂ ಒತ್ತಿ. ಹಸಿ ಆಲೂಗಡ್ಡೆಯಂತೆ ಗಟ್ಟಿ ಇದ್ದರೆ ಮರ ಚೆನ್ನಾಗಿದೆ. ಇಡೀ ಕಾಂಡ ಒಂದೇ ಸಮ ಸ್ವಲ್ಪ ಸೊರಗಿ, ತೊಗಟೆ ಸಣ್ಣಗೆ ಸುಕ್ಕಾಗಿದ್ದರೆ ಅದು ಒಣಗಾಲದ ಗುಣ, ಹೆದರಬೇಡಿ. ಒಂದೇ ಕಡೆ ಬೆರಳು ಒಳಗೆ ಹೋಯಿತು, ತೊಗಟೆ ಜಾರಿತು, ಮೂಸಿದರೆ ಹುಳಿ ವಾಸನೆ ಬಂತು ಅಂದರೆ ಕೊಳೆ ಹತ್ತಿದೆ. ಟೊಂಗೆಯ ತುದಿಯನ್ನೂ ನೋಡಿ. ಜೀವ ಇರುವ ತುದಿ ದಪ್ಪಗಿರುತ್ತದೆ, ಬಗ್ಗಿಸಿದರೆ ಬಗ್ಗುತ್ತದೆ. ಸತ್ತದ್ದು ಕಪ್ಪಾಗಿ ಚಟ್ ಅಂತ ಮುರಿಯುತ್ತದೆ. ಆದರೆ ತುದಿ ಎರಡು ಸತ್ತರೆ ಮರ ಸತ್ತ ಹಾಗಲ್ಲ, ಬುಡದ ತೀರ್ಪೇ ಕೊನೆ.

ಮಣ್ಣಿನ ಹಸಿ ತಿಳಿಯಲು ಉರಿದು ಮುಗಿದ ಊದಿನಕಡ್ಡಿಯ ಬಿದಿರು ತುಂಡು ಸಾಕು. ಕುಂಡದ ತಳದವರೆಗೆ ಚುಚ್ಚಿ, ಹತ್ತು ನಿಮಿಷ ಬಿಟ್ಟು ತೆಗೆಯಿರಿ. ಮೇಲೆ ಒಣಗಿ ಬಿರುಕು ಬಿಟ್ಟಿದ್ದರೂ ತಳದಲ್ಲಿ ಕೆಸರಿರುವುದು ಎರೆಮಣ್ಣಿನಲ್ಲಿ ಮಾಮೂಲು.

ಇನ್ನು ತಡ ಅನ್ನುವ ಮಾತು. ನಮ್ಮೂರ ದೊಡ್ಡ ಬಾವೋಬಾಬ್ ಮರಗಳು ಏಪ್ರಿಲ್‌ನಲ್ಲಿ ಹೇಗಿವೆ ಅಂತ ಒಮ್ಮೆ ಹೋಗಿ ನೋಡಿ ಬನ್ನಿ. ಹಾವೇರಿ ಜಿಲ್ಲೆಯ ಸವಣೂರಿನ ಮಠದ ಹಳೇ ಬಾವೋಬಾಬ್ ಮರಗಳೂ ಬೇಸಿಗೆಯಲ್ಲಿ ಬೋಳೇ. ಮಡಗಾಸ್ಕರ್‌ನಲ್ಲಿ ಸಂಶೋಧಕರು ಅಳೆದು ನೋಡಿದ್ದಾರೆ: ಮಳೆಗಾಲಕ್ಕೆ ಸ್ವಲ್ಪ ಮೊದಲು ಬಾವೋಬಾಬ್ ಕಾಂಡದಲ್ಲಿ ಕೂಡಿಟ್ಟ ನೀರಿನಿಂದಲೇ ಎಲೆ ಬಿಡುತ್ತದೆ. ಅದಕ್ಕೆ ನಿಮ್ಮ ತಂಬಿಗೆ ಬೇಕಾಗಿಲ್ಲ. ಜಪಾನಿನ ಮೇಪಲ್ ಬಗ್ಗೆ ಓದಿಕೊಂಡು ನಮ್ಮ ಗಿಡಕ್ಕೆ ಮಾರ್ಚ್ ಗಡುವು ಹಾಕುವವರು ಜಾಸ್ತಿಯಾಗಿದ್ದಾರೆ. ಅಲ್ಲಿನ ಮರ ಚಳಿ ಕಳೆಯಲಿ ಅಂತ ಕಾಯುತ್ತದೆ, ಇದು ಬರ ಕಳೆಯಲಿ ಅಂತ. ನನ್ನ ಲೆಕ್ಕ ಇಷ್ಟೇ: ಬುಡ ಗಟ್ಟಿ ಇದ್ದರೆ ಮಿರಗದ ಮಳೆವರೆಗೆ, ಅಂದರೆ ಜೂನ್ ಎರಡನೇ ವಾರದವರೆಗೆ ಅದರ ಬಗ್ಗೆ ಮಾತಾಡುವುದೇ ಬೇಡ. ಮೊದಲ ಎಲೆ ಒಂಟಿಯಾಗಿ ಅಥವಾ ಮೂರೇ ದಳದಲ್ಲಿ ಬಂದರೆ ಗಾಬರಿಯಾಗಬೇಡಿ, ಐದು-ಏಳು ದಳದವು ಆಮೇಲೆ ಬರುತ್ತವೆ.

ಹೂಕುಂಡ, ಬೆಳಗಾವಿ:

ಒಪ್ಪಿದೆ ಸರ್, ಡಿಎಪಿ ಮಾತು ವಾಪಸ್. ಆದರೆ ಹಾಲು ಬರುವ ಗಿಡಕ್ಕೆ ಒಂದು ಸುಲಭ ಗುರುತಿದೆ. ದೇವಕಣಗಿಲೆ ಇನ್ನೂ ಬೋಳಿದ್ದರೆ ತುದಿಗೆ ಸೂಜಿ ತಾಗಿಸಿ. ಹಾಲು ಬಂದರೆ ಆ ಟೊಂಗೆ ಬದುಕಿದೆ.

ಗರಸು ಮಣ್ಣು, ವಿಜಯಪುರ:

ಅದು ನಿಜ. ಹಾಲು ಕೈಗೆ, ಕಣ್ಣಿಗೆ ತಾಗದಂತೆ ನೋಡಿಕೊಳ್ಳಿ.

ಮಾಳಿಗೆ ತೋಟ, ವಿಜಯಪುರ:

ಒತ್ತಿ ನೋಡಿದೆ ಸರ್. ಮುಕ್ಕಾಲು ಭಾಗ ಗಟ್ಟಿ ಇದೆ. ಗೋಡೆ ಕಡೆಗೆ ಮಾತ್ರ ಎರಡು ಬೆರಳಗಲ ಮೆತ್ತಗಿದೆ, ವಾಸನೆಯೂ ಇದೆ. ಕಡ್ಡಿ ಕಪ್ಪು ಕೆಸರು ಮೆತ್ತಿಕೊಂಡು ಬಂತು. ಇನ್ನೂ ಉಳಿಸಬಹುದಾ? ಬಿಲ್ವಪತ್ರೆಗೂ ಇದೇ ಲೆಕ್ಕವಾ?

ಗರಸು ಮಣ್ಣು, ವಿಜಯಪುರ:

ಮುಕ್ಕಾಲು ಗಟ್ಟಿ ಇದ್ದರೆ ಆಸೆ ಇದೆ. ಇವತ್ತೇ ಕುಂಡದಿಂದ ತೆಗೆದು ಬೇರಿನ ಮಣ್ಣೆಲ್ಲ ಉದುರಿಸಿ. ಮೆತ್ತಗಿನ ಭಾಗವನ್ನು ಚಾಕುವಿನಿಂದ ಕೊರೆಯುತ್ತಾ ಹೋಗಿ, ಕಂದು ಕಲೆ ಮುಗಿದು ಬಿಳಿ ತಿರುಳು ಕಾಣುವವರೆಗೆ. ಕೈ ತಡೆಯಬೇಡಿ, ಒಂದು ಚೂರು ಕಂದು ಉಳಿದರೂ ಮತ್ತೆ ಹರಡುತ್ತದೆ. ಪ್ರತಿ ಸಲ ಕೊಯ್ದಾಗ ಚಾಕು ಒರೆಸಿ. ಗಾಯಕ್ಕೆ ಗಂಧಕದ ಪುಡಿ ಹಚ್ಚಿ, ಗಾಳಿ ಆಡುವ ನೆರಳಲ್ಲಿ ಮಲಗಿಸಿ. ಗಾಯ ಪೂರ್ತಿ ಒಣಗಿ ಗಟ್ಟಿಯಾಗಲಿ, ಒಂದೆರಡು ವಾರ ಬೇರು ಬಯಲಲ್ಲಿದ್ದರೆ ಬಾವೋಬಾಬಿಗೆ ಏನೂ ಆಗುವುದಿಲ್ಲ. ಆಮೇಲೆ ಜರಡಿ ಹಿಡಿದ ಗರಸು, ಇಟ್ಟಿಗೆ ಚೂರು, ದಪ್ಪ ಮರಳು ಸೇರಿಸಿ ಒಣ ಮಣ್ಣಲ್ಲೇ ನೆಡಿ. ಕುಂಡವನ್ನು ಕಾದ ಮಾಳಿಗೆ ಮೇಲೆ ನೇರ ಇಡಬೇಡಿ, ಎರಡು ಇಟ್ಟಿಗೆ ಮೇಲೆ ಇಡಿ. ಚಿಗುರು ಕಾಣುವವರೆಗೆ ನೀರು ಬೇಡ. ತಂಬಿಗೆಯನ್ನು ಮನೆಯವರ ಕೈಗೆ ಸಿಗದಂತೆ ಇಟ್ಟರೂ ಒಳ್ಳೇದು.

ಬಿಲ್ವಪತ್ರೆಗೆ ಕೆರೆದು ನೋಡಬಹುದು, ಅಲ್ಲಿ ಹಸಿರು ಸುಳ್ಳು ಹೇಳುವುದಿಲ್ಲ. ಮುಳ್ಳಿನ ಬುಡ ನೋಡಿ, ಸಣ್ಣ ಉಬ್ಬು ಕಂಡರೆ ಮೇ ತಿಂಗಳಲ್ಲಿ ಎಲೆ ಬರುತ್ತದೆ. ಅದಕ್ಕೆ ಮೇಲ್ಮಣ್ಣು ಒಣಗಿದಾಗ ನೀರು ಕೊಡುತ್ತಿರಿ.